ಅತಿಥಿಯನ್ನು ಎಬ್ಬಿಸುವ ಯಂತ್ರ

ಅವನು ಜೀವಮಾನದಲ್ಲಿ ಒಂದು ಮೊಳೆಯನ್ನೂ ನೆಟ್ಟಗೆ ಹೊಡೆದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ಹೋದ ಮೇಲೆ ಊರಿನವರೆಲ್ಲ ಸೇರಿ ಅವನನ್ನು ಮಹಾ ಯಂತ್ರತಜ್ಞನನ್ನಾಗಿ ಮಾಡಿ ಕೂರಿಸಿದ್ದಾರೆ. ಅವನ ಮನೆಯಲ್ಲಿ ಕ್ಯಾಲೆಂಡರ್ ನೇತುಹಾಕಬೇಕೆಂದರೆ ನನ್ನ ಅಂಗಡಿಯಿಂದ ಸುತ್ತಿಗೆ ಹಿಡಿದುಕೊಂಡು ನಾನು ಹೋಗಬೇಕಾಗಿತ್ತು. ಅವನು ಹಿಂದೆ ನಿಂತು 'ಒಂಚೂರು ಎಡಕ್ಕೆ' ಅನ್ನುತ್ತಿದ್ದ. ಅವನ ಎಂಜಿನಿಯರಿಂಗ್ ಅಷ್ಟಕ್ಕೇ ಮುಗಿಯುತ್ತಿತ್ತು.

ಅವನು ವ್ಯಂಗ್ಯಚಿತ್ರ ಬರೆಯುತ್ತಿದ್ದವನು. ನಮ್ಮ ಊರಿನ ಒಂದು ವಾರಪತ್ರಿಕೆಯಲ್ಲಿ ವಾರಕ್ಕೊಂದರಂತೆ ಎಷ್ಟೋ ವರ್ಷ ಲೋಕದಲ್ಲಿಲ್ಲದ ಯಂತ್ರಗಳನ್ನು ಬರೆದ. ಬೆಕ್ಕು ಹಾಲಿಗೆ ಬಾಯಿ ಹಾಕಿದರೆ ಗಂಟೆ ಬಾರಿಸಿ, ಗಂಟೆಗೆ ನಾಯಿ ಎದ್ದು, ನಾಯಿಯ ಬಾಲಕ್ಕೆ ಕಟ್ಟಿದ ಬೀಸಣಿಗೆ ಬೀಸಿ, ಆ ಗಾಳಿಗೆ ಒಲೆ ಹತ್ತಿಕೊಂಡು ಅದೇ ಹಾಲು ಕಾಯುವ ಯಂತ್ರ. ಬಸ್ಸಿನಲ್ಲಿ ಕಡಲೆಕಾಯಿ ತಿನ್ನುವವನ ಸಿಪ್ಪೆ ಅವನ ಜೇಬಿಗೇ ವಾಪಸ್ ಬೀಳುವ ಯಂತ್ರ. ಚರ್ಚಿನಲ್ಲಿ ಪ್ರಸಂಗ ಉದ್ದವಾದಾಗ ಹಿಂದಿನ ಬೆಂಚಿನವರ ತೂಕಡಿಸುವ ತಲೆಗಳಿಂದಲೇ ಫ್ಯಾನು ತಿರುಗುವ ಯಂತ್ರ. ಇದಕ್ಕೆ ಅವನ ಚರ್ಚಿನ ಪಾದ್ರಿಗಳೇ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಪ್ರತಿ ಭಾಗಕ್ಕೂ ಅ, ಆ, ಇ, ಈ ಎಂದು ಗುರುತು. ಬಲಮೂಲೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು: ಕಟ್ಟಿದರೆ ನಡೆಯುತ್ತದೆ.

ಅವನ ಜಂಬವೆಲ್ಲ ಆ ಎರಡು ಮಾತಿನಲ್ಲಿತ್ತು. ತಮಾಷೆಗೆ ಬರೆದ ಯಂತ್ರವೇ ಆಗಲಿ, ಯಾರಾದರೂ ಹಠಕ್ಕೆ ಬಿದ್ದು ಕಟ್ಟಿದರೆ ಅದು ಕೊನೆಯ ತನಕ ನಡೆಯಬೇಕು. ನಡೆಯದಿದ್ದರೆ ಅದು ತಮಾಷೆಯಲ್ಲ, ಬರೀ ಸುಳ್ಳು ಎಂದು ಅವನ ವಾದ.

ಅದು ನಡೆಯುತ್ತದೋ ಇಲ್ಲವೋ ಎಂದು ಹೇಳುತ್ತಿದ್ದವನು ನಾನು.

ಮಂಡಿ ಮೊಹಲ್ಲಾದಲ್ಲಿ ನನ್ನದು ತಗಡಿನ ಅಂಗಡಿ. ಬಕೆಟ್ಟು, ಟ್ರಂಕು, ನೀರು ಕಾಯಿಸುವ ಹಂಡೆಗೆ ಮುಚ್ಚಳ, ಸೋರುವ ಡಬ್ಬಕ್ಕೆ ಬೆಸುಗೆ. ನಮ್ಮಪ್ಪ ಹಳ್ಳಿಯಲ್ಲಿ ನೇಗಿಲು ಹಿಡಿದವರು. ನಾನು ಹದಿನಾರನೇ ವಯಸ್ಸಿಗೆ ಪೇಟೆಗೆ ಬಂದು ತಗಡು ಕತ್ತರಿ ಹಿಡಿದೆ. ನನ್ನಷ್ಟು ಚೆನ್ನಾಗಿ ತಗಡಿನ ಅಂಚು ಮಡಚುವವನು ಆ ಬೀದಿಯಲ್ಲಿ ಇರಲಿಲ್ಲ, ಈಗಲೂ ಇಲ್ಲ. ಕೀಟಲೆಯಲ್ಲಂತೂ ಇಡೀ ಮೊಹಲ್ಲಾದಲ್ಲಿ ನನಗೆ ಸಾಟಿ ಇರಲಿಲ್ಲ. ಮಾತುಮಾತಿಗೆ ಜಗಳ ತೆಗೆಯುತ್ತಿದ್ದ ಸೀಮೆಎಣ್ಣೆ ವ್ಯಾಪಾರಿಗೆ ತಳದಲ್ಲಿ ತೂತೇ ಇಲ್ಲದ ಲಾಳಿಕೆ ಮಾಡಿಕೊಟ್ಟೆ. ಹಿಡಿಯಿಂದಲೇ ನೀರು ಸುರಿಯುವ ಜಗ್ಗು ಮಾಡಿ ಒಬ್ಬ ಮೇಷ್ಟರಿಗೆ ಕೊಟ್ಟೆ. ಇಂಥವನ್ನು ಹೇಳುತ್ತಾ ಹೋದರೆ ಬೇರೆಯೇ ಒಂದು ಪುಸ್ತಕವಾಗುತ್ತದೆ.

ಅವನು ಪ್ರತಿ ಭಾನುವಾರ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ, ಇಸ್ತ್ರಿ ಮುರಿಯದ ಬಿಳಿ ಶರ್ಟಿನಲ್ಲಿ ನನ್ನ ಅಂಗಡಿಗೆ ಬರುತ್ತಿದ್ದ. ಬೋರಲು ಹಾಕಿದ ಡ್ರಮ್ಮಿನ ಮೇಲೆ ಕರ್ಚೀಫು ಹಾಸಿ ಕೂರುತ್ತಿದ್ದ. ಜೇಬಿನಿಂದ ಪೆನ್ಸಿಲ್ಲಿನಲ್ಲಿ ಗೀಚಿದ ಕಾಗದ ತೆಗೆದು ಮೊಣಕಾಲ ಮೇಲೆ ಹರಡುತ್ತಿದ್ದ.

"ಲೋ, ಈ ಸೌಟು ಇಷ್ಟು ಭಾರ ಎತ್ತುತ್ತಾ?"

"ಎತ್ತಲ್ಲ. ಹಿಡಿ ಇನ್ನೊಂದು ಗೇಣು ಉದ್ದ ಹಾಕು."

"ಈ ಗೋಲಿ ಈ ತಿರುವಲ್ಲಿ ನಿಂತ್ಬಿಡಲ್ವಾ?"

"ನಿಂತ್ಕತದೆ. ಇಳಿಜಾರು ಕೊಡು. ಇಷ್ಟೂ ಗೊತ್ತಿಲ್ವೇನೋ ನಿಂಗೆ, ದಂಡಪಿಂಡ."

ನಾನು ತಗಡಿನ ಚೂರು ಕತ್ತರಿಸಿ, ಬಗ್ಗಿಸಿ, ಗೋಲಿ ಉರುಳಿಸಿ ತೋರಿಸುತ್ತಿದ್ದೆ. ಅವನು ತಲೆ ಆಡಿಸುತ್ತಿದ್ದ. ಆಮೇಲೆ ಎದುರಿನ ಹೋಟೆಲಿನ ಟೀ, ಒಂದೊಂದು ಬನ್ನು. ಕ್ರಿಸ್ಮಸ್ ಬಂದರೆ ಅವನ ಮನೆಯಿಂದ ಹೂವಿನ ಅಂಚಿನ ಪಿಂಗಾಣಿ ತಟ್ಟೆಯಲ್ಲಿ ಕಲ್ಕಲ್ ಮತ್ತು ರೋಸ್ ಕುಕ್ಕಿ. ಆ ತಟ್ಟೆಯನ್ನು ನಮ್ಮವಳು ಬೆಲ್ಲದ ಮಿಠಾಯಿ ತುಂಬಿ ವಾಪಸ್ ಕಳಿಸುತ್ತಿದ್ದಳು. ನಾನು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದೆ, ಗೆರೆ ಅವನದು, ಬುದ್ಧಿ ನನ್ನದು ಎಂದು.

ಒಂದು ವಾರ ಆ ಪತ್ರಿಕೆ ಅವನ ಸಂದರ್ಶನ ಹಾಕಿತು. ಅರ್ಧ ಪುಟ, ಫೋಟೋ ಬೇರೆ. 'ಈ ಯಂತ್ರಗಳ ಯೋಚನೆ ಎಲ್ಲಿ ಮಾಡುತ್ತೀರಿ' ಎಂದು ಕೇಳಿದ್ದರು. 'ನನ್ನ ಮೇಜಿನ ಮುಂದೆ, ಒಬ್ಬನೇ ಕೂತು' ಎಂದು ಹೇಳಿದ್ದ. ತಗಡಿನ ಅಂಗಡಿಯ ಸುದ್ದಿ ಇಲ್ಲ. ಡ್ರಮ್ಮಿನ ಸುದ್ದಿ ಇಲ್ಲ. ಬನ್ನಿನ ಸುದ್ದಿಯೂ ಇಲ್ಲ. ಎದುರಿನ ಸಗಟು ಅಂಗಡಿಯವನು ಪತ್ರಿಕೆ ತಂದು ನನ್ನ ಮುಂದೆ ಹಿಡಿದು, "ನಿಮ್ ಬುದ್ಧಿ ಎಲ್ಲಿ ಬಂದದೆ ತೋರ್ಸಿ ಸ್ವಾಮಿ" ಎಂದು ಎರಡು ದಿನ ಕಾಡಿದ. ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ.

ಆ ಭಾನುವಾರ ಅವನು ತಂದದ್ದೇ ಈ ಯಂತ್ರ. ಬಂದು ಕೂತು ಎಷ್ಟು ಹೊತ್ತಾದರೂ ಏಳದ ಅತಿಥಿಯನ್ನು ಬಾಯಿಬಿಟ್ಟು ಹೇಳದೆ ಎಬ್ಬಿಸುವ ಯಂತ್ರ. ಅತಿಥಿ ಆರಾಮಾಗಿ ಕುರ್ಚಿಗೆ ಒರಗಿದ ಕೂಡಲೇ ಕುರ್ಚಿಯ ಬೆನ್ನು ಒಂದು ದಾರ ಎಳೆಯುತ್ತದೆ. ದಾರ ಮೇಲಿನ ಬಿಂದಿಗೆಯನ್ನು ಬಗ್ಗಿಸುತ್ತದೆ. ನೀರು ಬಿದ್ದು ಹಲ್ಲಿನ ಚಕ್ರ ತಿರುಗುತ್ತದೆ. ಚಕ್ರದಿಂದ ಒಂದು ಬೆಲ್ಟು ಕೆಳಗಿನ ರಾಟೆಗೆ. ರಾಟೆ ತಿರುಗಿದರೆ ಬಾಗಿಲಿನಿಂದ ಕುರ್ಚಿಯ ತನಕ ಹಾಸಿದ ಬಟ್ಟೆಯ ಪಟ್ಟಿ ಓಡುತ್ತದೆ. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಆ ಪಟ್ಟಿಯ ಮೇಲೆ ಸವಾರಿ ಮಾಡಿಕೊಂಡು ಬಂದು ಅತಿಥಿಯ ಕಾಲ ಬುಡದಲ್ಲಿ ನಿಲ್ಲುತ್ತದೆ. ಅವನು ಚಪ್ಪಲಿ ನೋಡುತ್ತಾನೆ, ಗಡಿಯಾರ ನೋಡುತ್ತಾನೆ, ಏಳುತ್ತಾನೆ.

ಮೈಸೂರಿನವರಿಗೆ ಇದಕ್ಕಿಂತ ಬೇಕಾದ ಯಂತ್ರ ಇನ್ನೊಂದಿಲ್ಲ. ಒಪ್ಪುತ್ತೇನೆ.

ಆ ಕಾಗದದಲ್ಲಿ ಬೆಲ್ಟಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದ. "ಇಲ್ಲಿ ಬೆಲ್ಟು ನೇರ ಹಾಕೋದಾ, ತಿರುವಿ ಹಾಕೋದಾ?" ಎಂದು ಕೇಳಿದ.

ಹಿಟ್ಟಿನ ಗಿರಣಿ ನೋಡಿದವರಿಗೆಲ್ಲ ಗೊತ್ತಿರುವ ವಿಷಯ ಇದು. ಬೆಲ್ಟು ನೇರವಾಗಿ ಹಾಕಿದರೆ ಎರಡು ರಾಟೆಗಳೂ ಒಂದೇ ಕಡೆಗೆ ತಿರುಗುತ್ತವೆ. ನಡುವೆ ಕತ್ತರಿಯ ಹಾಗೆ ತಿರುವಿ ಹಾಕಿದರೆ ಎರಡನೆಯದು ಉಲ್ಟಾ ತಿರುಗುತ್ತದೆ. ಆ ಚಿತ್ರದಲ್ಲಿ ತಿರುವಿಯೇ ಹಾಕಬೇಕಿತ್ತು. ಒಂದೇ ನೋಟಕ್ಕೆ ನನಗೆ ಗೊತ್ತಾಯಿತು.

"ನೇರ ಹಾಕು," ಎಂದೆ. "ತಿರುವು ಗಿರುವು ಯಾಕೆ, ಸುಮ್ನೆ ದಂಡ."

ಅವನು ನನ್ನ ಮುಖ ನೋಡಿದ. "ನೇರಾನೇ?"

"ಲೋ, ತಗಡು ಬಡಿಯೋನು ನಾನೋ ನೀನೋ?"

ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಅಂದು ಟೀಗೆ ನಾನೇ ಎರಡು ಬನ್ನು ಹೆಚ್ಚಾಗಿ ತರಿಸಿದೆ. ಅಷ್ಟು ಖುಷಿ ನನಗೆ.

ಚಿತ್ರ ಅಚ್ಚಾಯಿತು. ಮುಂದಿನ ವಾರ ಅಶೋಕಪುರಂನಿಂದ ಒಬ್ಬ ನಿವೃತ್ತ ಫಿಟ್ಟರ್ ಬರೆದ ಪತ್ರವೂ ಅಚ್ಚಾಯಿತು. ಬೆಲ್ಟು ನೇರವಾಗಿರುವುದರಿಂದ ಪಟ್ಟಿ ಒಳಕ್ಕೆ ಬರುವುದಿಲ್ಲ, ಹೊರಕ್ಕೆ ಓಡುತ್ತದೆ. ಚಪ್ಪಲಿ ಬೀದಿಗೆ ಹೋಗುತ್ತದೆ, ಅತಿಥಿ ಮನೆಯಲ್ಲೇ ಉಳಿಯುತ್ತಾನೆ. ಕಟ್ಟಿದರೆ ನಡೆಯುತ್ತದೆ ಎಂದು ಬರೆದುಕೊಳ್ಳುವವರು ಮೊದಲು ಒಂದು ಗಿರಣಿಗೆ ಹೋಗಿ ಬರಲಿ ಎಂದು ಬರೆದಿದ್ದರು. ಊರೆಲ್ಲ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಅವನು ಅದರ ಮುಂದಿನ ಚಿತ್ರದ ಕೆಳಗೆ 'ಕಳೆದ ಚಿತ್ರದ ತಪ್ಪು ನನ್ನದು' ಎಂದು ಬರೆದ. ನನ್ನ ಹೆಸರು ಎತ್ತಲಿಲ್ಲ. ಆ ವಾರದಿಂದ ಬಲಮೂಲೆಯ ಆ ಸಾಲು ಹೋಯಿತು. ಅವನು ಸಾಯುವ ತನಕ ಯಾವ ಚಿತ್ರದಲ್ಲೂ ಅದು ಮತ್ತೆ ಬರಲಿಲ್ಲ. ಆ ಜಾಗದಲ್ಲಿ ಬೇರೆ ಒಬ್ಬ ಬಂದು ಕೂತ. ಬೆನ್ನು ತೋರಿಸಿಕೊಂಡು ಕೂತ ದಪ್ಪ ಮನುಷ್ಯ, ಹೊರಕ್ಕೆ ಚಾಚಿದ ಎರಡು ಕಿವಿ, ಬಲಗೈಯಲ್ಲಿ ತಗಡು ಕತ್ತರಿ. ಯಾವ ಯಂತ್ರವೇ ಇರಲಿ, ಆ ಮನುಷ್ಯ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ.

ನನ್ನ ಕಿವಿ ಇಡೀ ಮೊಹಲ್ಲಾಕ್ಕೆ ಗೊತ್ತು. ಕ್ಷೌರದಂಗಡಿಯಲ್ಲಿ, ಪಡಿತರದ ಸಾಲಿನಲ್ಲಿ, "ಈ ವಾರಾನೂ ಬಂದಿದ್ದೀರಲ್ಲ" ಎಂದು ಜನ ಕೇಳುತ್ತಿದ್ದರು. ಅವನು ಮತ್ತೆ ಅಂಗಡಿಗೆ ಬರಲಿಲ್ಲ. ಎದುರಿಗೆ ಸಿಕ್ಕರೆ ಅವನು ರಸ್ತೆಯ ಆ ಬದಿಗೆ ಹೋಗುತ್ತಿದ್ದ. ನಾನೂ ಆ ಬದಿಗೇ ಹೋಗಿ ಅವನನ್ನು ಮತ್ತೆ ಈ ಬದಿಗೆ ದಾಟಿಸುತ್ತಿದ್ದೆ. ಕ್ರಿಸ್ಮಸ್ಸಿನ ತಿಂಡಿ ನಿಂತಿತು. ಕೊನೆಯ ಸಲ ಬಂದ ತಟ್ಟೆ ನಮ್ಮ ಮನೆಯಲ್ಲೇ ಉಳಿಯಿತು. ಬೇಕೆಂದೇ ನಾನು ವಾಪಸ್ ಕೊಡಲಿಲ್ಲ.

ಹೋದ ವರ್ಷ ಅವನು ಸತ್ತ. ನಾನು ಮಣ್ಣಿಗೆ ಹೋಗಲಿಲ್ಲ.

ಈ ವರ್ಷ ಒಂದು ಬೆಳಿಗ್ಗೆ ಅವನ ಮಗಳು ಅಂಗಡಿಯ ಮುಂದೆ ಬಂದು ನಿಂತಳು. ಈಗ ಅವಳಿಗೂ ಐವತ್ತು ದಾಟಿದೆ, ಶಾಲೆಯಲ್ಲಿ ಪಾಠ ಹೇಳುತ್ತಾಳೆ, ದಟ್ಟಗಳ್ಳಿಯಲ್ಲಿ ಮನೆ. ಡ್ರಮ್ಮು ತೋರಿಸಿ ಕೂರು ಎಂದೆ. ಕೂರಲಿಲ್ಲ.

"ನಿಮ್ಮ ಹತ್ರ ಬರಬಾರದು ಅಂತಲೇ ಇದ್ದೆ," ಎಂದಳು. "ನಾಲ್ಕು ಕಡೆ ಕೇಳಿದೆ. ತಗಡಿನಲ್ಲಿ ಚಕ್ರ ಮಾಡೋರು ಯಾರೂ ಇಲ್ಲ. ಎಲ್ಲರೂ ನಿಮ್ಮ ಅಂಗಡಿಗೇ ಕೈ ತೋರಿಸಿದ್ರು."

"ತೋರಿಸಲೇಬೇಕಲ್ಲ ಕಣಮ್ಮ. ಇನ್ಯಾರವ್ರೆ?"

"ಜಂಬ ಹಾಗೇ ಇದೆ."

"ತಗಡು ತುಕ್ಕು ಹಿಡಿತದೆ, ಜಂಬ ಹಿಡಿಯಲ್ಲ."

ಅವಳು ನಗಲಿಲ್ಲ. ವಿಷಯ ಹೇಳಿದಳು. ಅಪ್ಪನ ಚಿತ್ರಗಳ ಪುಸ್ತಕ ಬರುತ್ತಿದೆ, ಚರ್ಚಿನ ಹಿಂದಿನ ಹಾಲಿನಲ್ಲಿ ಬಿಡುಗಡೆ, ಜೊತೆಗೆ ಮೂಲಚಿತ್ರಗಳ ಪ್ರದರ್ಶನ. ಪುಸ್ತಕದ ಹೆಸರು 'ಕಟ್ಟಿದರೆ ನಡೆಯುತ್ತದೆ'. ಆದರೆ ಪುಸ್ತಕ ಮಾಡುತ್ತಿರುವವರು ಆ ಹೆಸರು ಬೇಡ ಅನ್ನುತ್ತಿದ್ದಾರೆ. ಅಪ್ಪನೇ ಕೈಬಿಟ್ಟ ಸಾಲು, ಹಳೆಯ ಪತ್ರ ಯಾರಾದರೂ ಎತ್ತಿದರೆ ನಗೆಪಾಟಲು ಎಂದು ಅವರ ಹೆದರಿಕೆ.

"ಅದಕ್ಕೇ ಅದೇ ಯಂತ್ರ ಕಟ್ಟಿಸ್ತೀನಿ. ಚಪ್ಪಲಿ ಯಂತ್ರ. ಎಲ್ಲರ ಮುಂದೆ ನಡೆಸಿ ತೋರಿಸ್ತೀನಿ. ನಡೆದ್ರೆ ಹೆಸರು ಇರುತ್ತೆ, ಇಲ್ದಿದ್ರೆ ಪುಸ್ತಕಕ್ಕೆ ಬೇರೆ ಹೆಸರು. ಅವರು ಅಷ್ಟಕ್ಕೆ ಒಪ್ಪಿದ್ದಾರೆ."

ಪತ್ರಿಕೆಯಿಂದ ಕತ್ತರಿಸಿದ ಆ ಚಿತ್ರವನ್ನು ನನ್ನ ಕೈಗೆ ಕೊಟ್ಟಳು. ಇಷ್ಟು ವರ್ಷ ಆದ ಮೇಲೆ ಅವನ ಮಗಳೇ ಬಂದು, ಅದೇ ಚಿತ್ರ ನನ್ನ ಕೈಗೆ ಕೊಟ್ಟು, ಇದ್ದ ಹಾಗೇ ಕಟ್ಟಿಕೊಡಿ ಎನ್ನುತ್ತಿದ್ದಾಳೆ.

"ಪತ್ರಿಕೆಗೆ ಆ ಕಾಗದ ಬರೆದಿದ್ದು ನೀವೇ ಅಂತ ಗೊತ್ತು ನನಗೆ," ಎಂದಳು. "ಬೇರೆಯವರ ಹೆಸರಲ್ಲಿ. ಅದರಲ್ಲಿದ್ದದ್ದೂ ನಿಮ್ಮ ಕೀಟಲೆಯೇ, ಅಪ್ಪನ ಯಂತ್ರ ನಡೆಯುತ್ತೆ."

"ಏನಂದೆ?"

"ಅಪ್ಪ ಬಾಯಿಬಿಟ್ಟು ಹೇಳ್ಲಿಲ್ಲ. ಆದರೆ ಆ ಕಾಗದ ಬಂದ ವಾರದಿಂದಲೇ ಇಲ್ಲಿಗೆ ಬರೋದು ನಿಲ್ಲಿಸಿದ್ರು. ನೀವಲ್ದೆ ಇನ್ಯಾರು? ನಾನು ಚಿಕ್ಕವಳಿದ್ದಾಗ ಊದಿದ್ರೆ ಶಬ್ದವೇ ಬರದ ಪೀಪಿ ಮಾಡ್ಕೊಟ್ಟೋರು ನೀವು."

ನನ್ನ ಮೇಲೆ ಯಾವ ಆಪಾದನೆ ಬೇಕಾದರೂ ಹೊರಿಸಲಿ, ಮಾಡದ ಕೀಟಲೆ ಹೊರಿಸಿದರೆ ಮೈ ಉರಿಯುತ್ತದೆ. ನಾನು ಕಾಗದ ಬರೆಯುವ ಜಾತಿಯವನಲ್ಲ. "ಅಮ್ಮಣ್ಣಿ, ನಾನು ಕಾಗದ ಬರೆದಿದ್ರೆ ಕೆಳಗೆ ನನ್ನೆಸ್ರು ದಪ್ಪಕ್ಷರದಲ್ಲಿ ಇರ್ತಿತ್ತು. ಪೀಪಿ ವಿಷಯ ಒಪ್ಕೊತೀನಿ."

"ಮಾಡ್ಕೊಡ್ತೀರಾ, ಇಲ್ವಾ?"

"ಮಾಡ್ಕೊಡ್ತೀನಿ. ನಿಮ್ಮಪ್ಪ ಬರೆದಂಗೇ, ಒಂದು ಕೂದಲೆಳೆ ಅತ್ತಿತ್ತ ಆಗ್ದಂಗೆ."

ಮೆಟ್ಟಿಲು ಇಳಿದವಳು ತಿರುಗಿ, "ನಮ್ಮ ತಟ್ಟೆ ಒಂದು ನಿಮ್ಮ ಮನೇಲಿದೆ," ಎಂದು ಹೇಳಿ ಹೋದಳು.

ಆ ದಿನವೆಲ್ಲ ನಾನು ತಗಡು ಕತ್ತರಿಸುತ್ತಾ ಒಬ್ಬನೇ ನಗುತ್ತಿದ್ದೆ. ಹಾಲಿನ ತುಂಬ ಜನ, ವೇದಿಕೆಯ ಮೇಲೆ ದೊಡ್ಡ ಮನುಷ್ಯರು, ಕುರ್ಚಿಗೆ ಒರಗಿದ ಮುಖ್ಯ ಅತಿಥಿ, ಅವರ ಚಪ್ಪಲಿ ಎಲ್ಲರ ಕಣ್ಣ ಮುಂದೆ ಹೊರಗೆ ಹೊರಟುಹೋಗುವುದು. ಮೂಲೆಯಲ್ಲಿ ನನ್ನನ್ನು ಬೆನ್ನು ತಿರುಗಿಸಿ ಕೂರಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುತ್ತಿರಲಿಲ್ಲ.

ಅಚ್ಚಾದ ಚಿತ್ರ ಅಂಗೈಯಗಲ. ಅದರಿಂದ ಅಳತೆ ತೆಗೆಯಲು ಆಗುವುದಿಲ್ಲ. ಮಾರನೆಯ ದಿನ ಟೇಪು ಹಿಡಿದು ದಟ್ಟಗಳ್ಳಿಗೆ ಹೋದೆ. ಮೂಲಚಿತ್ರಗಳೆಲ್ಲ ಒಂದು ಟ್ರಂಕಿನಲ್ಲಿದ್ದವು. ಆ ಟ್ರಂಕು ನಾನೇ ಮಾಡಿಕೊಟ್ಟದ್ದು. ಎಡಮೂಲೆಗೆ ಒಂದು ಗುದ್ದು ಕೊಟ್ಟರೆ ಮಾತ್ರ ಮುಚ್ಚಳ ಏಳುವ ಹಾಗೆ ಆವತ್ತು ಬೇಕೆಂದೇ ಮಾಡಿದ್ದೆ. ಅವಳು ಗುದ್ದು ಕೊಟ್ಟಳು, ಮುಚ್ಚಳ ಎದ್ದಿತು. ಅಪ್ಪನಿಂದ ಕಲಿತಿರಬೇಕು. ನಮ್ಮಿಬ್ಬರಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ.

ಚಪ್ಪಲಿ ಯಂತ್ರದ ಹಾಳೆಯನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಹಾಸಿದಳು. ನಾನು ಟೇಪು ಹಿಡಿದು ಬಗ್ಗಿದೆ. ಬಿಸಿಲು ಪಕ್ಕದಿಂದ ಬೀಳುತ್ತಿತ್ತು. ಬೆಲ್ಟಿನ ಜಾಗದಲ್ಲಿ ಕಾಗದ ಸ್ವಲ್ಪ ಉಬ್ಬಿತ್ತು. ಬಿಳಿ ಬಣ್ಣದ ತೇಪೆ. ಅಚ್ಚಿನಲ್ಲಿ ಇಂಥದ್ದು ಕಾಣುವುದಿಲ್ಲ. ಹಾಳೆಯನ್ನು ಒಂಚೂರು ಓರೆ ಮಾಡಿದೆ. ತೇಪೆಯ ಮೇಲೆ ನೇರವಾದ ಎರಡು ಗೆರೆ. ಅದರ ಕೆಳಗೆ, ಬಿಳಿ ಬಣ್ಣದೊಳಗಿಂದ ಏಳುತ್ತಿದ್ದ ಇನ್ನೆರಡು ಗೆರೆ, ಕತ್ತರಿಯ ಹಾಗೆ ಒಂದರ ಮೇಲೊಂದು ಹಾದು.

ಅವನು ಮೊದಲು ತಿರುವಿಯೇ ಬರೆದಿದ್ದ.

"ನಿಮ್ಮಪ್ಪ ಇಂಕು ಹಾಕ್ತಿದ್ದಿದ್ದು ಯಾವಾಗ?" ಎಂದು ಕೇಳಿದೆ. "ಭಾನುವಾರ ಸಾಯಂಕಾಲ ಅಲ್ವಾ, ನನ್ನ ಹತ್ರ ಬಂದೋದ್ಮೇಲೆ?"

"ಇಲ್ಲ. ಶನಿವಾರವೇ ಮುಗಿಸಿಬಿಡ್ತಿದ್ರು. ಭಾನುವಾರ ಇಂಕ್ ಬಾಟ್ಲು ಮುಟ್ತಿರಲಿಲ್ಲ."

"ಮತ್ತೆ ನನ್ನ ಹತ್ರ ತರ್ತಿದ್ದ ಪೆನ್ಸಿಲ್ ಕಾಗದ?"

"ಅದು ಇಂಕ್ ಹಾಕಿದ್ಮೇಲೆ ಮೇಲಿಟ್ಟು ನಕಲು ತೆಗೀತಿದ್ದಿದ್ದು. ಅಲ್ಲಿಷ್ಟು ಇಲ್ಲಿಷ್ಟು ಬಿಟ್ಟು. ಕೇಳೋಕೆ ಏನಾದ್ರೂ ಬೇಕಲ್ಲ ಅಂತಿದ್ರು. ಅಮ್ಮ ಬೈಯೋರು, ಎಲ್ಲಾ ಮುಗಿದಿದೆಯಲ್ಲ, ಮತ್ಯಾಕೆ ಆ ಮಸಿ ಅಂಗಡಿಗೆ ಹೋಗ್ತೀರಿ ಅಂತ."

ನಾನು ಟ್ರಂಕಿನಲ್ಲಿದ್ದ ಚಿತ್ರಗಳನ್ನು ಒಂದೊಂದಾಗಿ ತೆಗೆದು ಬಿಸಿಲಿಗೆ ಓರೆ ಹಿಡಿದೆ. ನನಗೆ ಚೆನ್ನಾಗಿ ನೆನಪಿರುವ ಸೌಟು. ಹಿಡಿ ಮೊದಲೇ ಉದ್ದ ಇತ್ತು. ಗೋಲಿಯ ಇಳಿಜಾರು. ಮೊದಲೇ ಇತ್ತು. ಒಂದರಲ್ಲೂ ತೇಪೆ ಇಲ್ಲ. ನಾನು ಭಾನುವಾರ ಹೇಳಿದ್ದೆಲ್ಲ ಅವನು ಶನಿವಾರವೇ ಬರೆದು ಮುಗಿಸಿದ್ದ. ಗೆರೆ ಅವನದು, ಬುದ್ಧಿಯೂ ಅವನದೇ. ಅಷ್ಟೂ ಚಿತ್ರಗಳಲ್ಲಿ ತೇಪೆ ಬಿದ್ದದ್ದು ಒಂದಕ್ಕೆ ಮಾತ್ರ. ತನಗೆ ಸರಿಯಾಗಿ ಗೊತ್ತಿದ್ದದ್ದನ್ನು ಅಳಿಸಿ, ನನ್ನ ಮಾತು ಕೇಳಿ ಬರೆದದ್ದು ಅದೊಂದನ್ನೇ.

ಇಂಥ ಪೆದ್ದನನ್ನು ನಾನು ಎಲ್ಲೂ ನೋಡಿಲ್ಲ. ಗಿರಣಿಗೆ ಹೋಗಿ ಒಂದು ಸಲ ನೋಡಿಕೊಂಡು ಬರಬಾರದಿತ್ತೇ?

"ಏನಾಯ್ತು?" ಎಂದಳು.

"ಏನಿಲ್ಲ. ಅಳತೆ ಸಿಕ್ತು."

ಅವಳಿಗೆ ಹೇಳಲಿಲ್ಲ. ಹೇಳುವ ಧೈರ್ಯ ಇರಲಿಲ್ಲ ಎಂದು ಬರೆದರೆ ನನ್ನ ಮರ್ಯಾದೆ ಹೋಗುತ್ತದೆ, ಆದರೂ ಬರೆದಿದ್ದೇನೆ. ಅಂಗಡಿಗೆ ಬಂದು ಬೆಲ್ಟನ್ನು ತಿರುವಿಯೇ ಹಾಕಿದೆ. ಪಟ್ಟಿ ಒಳಕ್ಕೆ ಓಡುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ, ಪುಸ್ತಕದ ಹೆಸರು ಉಳಿಯುತ್ತದೆ, ಅಂಗೈಯಗಲದ ಆ ಚಿತ್ರದ ಬೆಲ್ಟನ್ನು ಯಾರು ನೆನಪಿಟ್ಟುಕೊಂಡಿರುತ್ತಾರೆ ಎಂದುಕೊಂಡೆ. ನಾನು ಮಾಡಿದ ಕೆಲಸಗಳಲ್ಲಿ ಅಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ. ಚಕ್ರಕ್ಕೆ ಹದಿನೆಂಟು ಹಲ್ಲು, ಒಂದೊಂದಕ್ಕೂ ಎರಡು ಸಲ ಬೆಸುಗೆ.

ಬಿಡುಗಡೆಯ ಬೆಳಿಗ್ಗೆ ಹಾಲು ತುಂಬಿತ್ತು. ಗೋಡೆಯುದ್ದಕ್ಕೂ ಕಟ್ಟುಹಾಕಿದ ಚಿತ್ರಗಳು. ಅರ್ಧಕ್ಕರ್ಧ ಚಿತ್ರಗಳ ಮೂಲೆಯಲ್ಲಿ ನನ್ನ ಬೆನ್ನು. ಬಂದವರೆಲ್ಲ ಚಿತ್ರದ ಕಿವಿ ನೋಡಿ, ನನ್ನ ಕಿವಿ ನೋಡಿ, ಮುಂದಕ್ಕೆ ಹೋಗುತ್ತಿದ್ದರು. ವೇದಿಕೆಯ ಮೇಲೆ ಯಂತ್ರ. ಅವಳು ಒಂದು ಮೂಲೆಯಲ್ಲಿ ಸೆರಗು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು. ಪುಸ್ತಕ ಮಾಡಿದವರು ಮುಂದಿನ ಸಾಲಿನಲ್ಲಿ. ಅವರ ಮಡಿಲಿನಲ್ಲಿದ್ದ ಪುಸ್ತಕಕ್ಕೆ ಇನ್ನೂ ಹೆಸರಿರುವ ಹೊದಿಕೆ ಹಾಕಿರಲಿಲ್ಲ.

ಮುಖ್ಯ ಅತಿಥಿ ಬಾಗಿಲ ಕಡೆಯ ಪಟ್ಟಿಯ ಮೇಲೆ ಚಪ್ಪಲಿ ಬಿಟ್ಟು, ಬಂದು ಕೂತು, ಒರಗಿದರು. ದಾರ ಎಳೆಯಿತು. ಬಿಂದಿಗೆ ಬಗ್ಗಿತು. ಚಕ್ರ ಒಂದು ಸಲ ನಿಂತ ಹಾಗೆ ಮಾಡಿ ತಿರುಗಿತು. ಚಪ್ಪಲಿ ಎರಡೂ ಅಕ್ಕಪಕ್ಕ, ದಿಬ್ಬಣದ ಹಾಗೆ ನಿಧಾನಕ್ಕೆ ಬಂದು ಅವರ ಕಾಲ ಬುಡದಲ್ಲಿ ನಿಂತವು. ಹಾಲು ಬಿದ್ದು ಬಿದ್ದು ನಕ್ಕಿತು.

ಆಗ ಹಿಂದಿನ ಸಾಲಿನಿಂದ ಒಬ್ಬ ಮುದುಕರು ಕೋಲು ಊರಿಕೊಂಡು ಎದ್ದರು. ತೊಂಬತ್ತರ ಹತ್ತಿರ ಇರಬೇಕು. ಕೈಯಲ್ಲಿ ಹಳೆಯ ಪತ್ರಿಕೆಯ ಹಾಳೆ.

"ಒಂದು ನಿಮಿಷ. ನಾನು ಅಶೋಕಪುರಂನೋನು. ಅವಾಗ ಕಾಗ್ದ ಬರ್ದೋನು ನಾನೇ. ಇದು ಎಂಗೆ ನಡೀತದೆ ಅಂತ ನೋಡೋಕೇ ಬಂದೆ. ಪೇಪರ್ನಾಗೆ ಬೆಲ್ಟು ನೇರ ಅದೆ. ಇಲ್ಲಿ ತಿರುವಾಕವ್ರೆ. ಇದು ಆವಯ್ಯನ ಯಂತ್ರ ಅಲ್ಲ. ಕಟ್ದೋರು ಸರಿ ಮಾಡವ್ರೆ."

ಎಲ್ಲರೂ ನನ್ನ ಕಡೆ ತಿರುಗಿದರು. ಪುಸ್ತಕ ಮಾಡಿದವರಲ್ಲಿ ಒಬ್ಬರು, "ಹಾಗಾದ್ರೆ ತಪ್ಪು ತಿದ್ದಿದ ನಮ್ಮ ತಗಡಿನ ಮೇಸ್ತ್ರಿಗೂ ಒಂದು ಚಪ್ಪಾಳೆ," ಎಂದರು. ಚಪ್ಪಾಳೆ ಬಿತ್ತು. ಜೀವಮಾನವಿಡೀ ನನಗೆ ಬೇಕಾಗಿದ್ದ ಚಪ್ಪಾಳೆ ಅದೇ. ಮೂಲೆಯಲ್ಲಿ ಅವಳ ಮುಖ ನೋಡಿದೆ. ಅವಳು ಹೊದಿಕೆಯಿಲ್ಲದ ಪುಸ್ತಕ ನೋಡುತ್ತಿದ್ದಳು.

ನಾನು ಮೈಕಿನ ಹತ್ತಿರ ಹೋದೆ.

"ನಾನು ಏನನ್ನೂ ತಿದ್ದಿಲ್ಲ. ಅವನು ಸರಿಯಾಗೇ ಬರೆದಿದ್ದ. ಅದನ್ನ ಕೆಡಿಸಿದೋನು ನಾನು. ಬೇಕಂತ ನೇರ ಹಾಕು ಅಂದೆ, ನನ್ನ ಮಾತು ನಂಬಿ ಅಳಿಸಿ ಬರೆದ. ತಪ್ಪು ನನ್ನದು ಅಂತ ಅವನು ಪೇಪರಲ್ಲಿ ಬರ್ಕೊಂಡಿದ್ದು ನನ್ನ ತಪ್ಪನ್ನೇ."

ಹಾಲು ಇನ್ನೂ ಜೋರಾಗಿ ನಕ್ಕಿತು. ನನ್ನನ್ನು ಬಲ್ಲವರೇ ಹೆಚ್ಚು ನಕ್ಕರು. "ತಗಡಿನ ತಾತ ಕೀಟಲೆ ಶುರು ಮಾಡ್ಕಂಡ್ರು ನೋಡಿ," ಎಂದು ಸೀಮೆಎಣ್ಣೆ ವ್ಯಾಪಾರಿಯ ಮೊಮ್ಮಗ ಕೂಗಿದ. ನಾನು ಮತ್ತೆ ಹೇಳಿದೆ. ಮತ್ತೆ ನಕ್ಕರು. ಬದುಕಿನಲ್ಲಿ ಒಂದೇ ಒಂದು ಸಲ ನಿಜ ಹೇಳಲು ಹೋದರೆ ಒಬ್ಬನೂ ನಂಬುವುದಿಲ್ಲ. ಅಷ್ಟು ಚೆನ್ನಾಗಿ ಹೆಸರು ಸಂಪಾದಿಸಿದ್ದೆ.

ಕೊನೆಗೆ ಗೋಡೆಯಿಂದ ಆ ಚಿತ್ರ ಇಳಿಸಿ, ಕಟ್ಟಿನಿಂದ ಬಿಚ್ಚಿ, ಆ ಮುದುಕರ ಮುಂದೆ ಮೇಜಿನ ಮೇಲೆ ಇಟ್ಟೆ. ಒಬ್ಬರ ಫೋನಿನ ಟಾರ್ಚು ಇಸಿದುಕೊಂಡು ಪಕ್ಕದಿಂದ ಬೆಳಕು ಬಿಟ್ಟೆ. "ನೀವು ಬೆಲ್ಟು ಬಲ್ಲೋರು. ನೀವೇ ನೋಡಿ ಹೇಳಿ ಸ್ವಾಮಿ."

ಅವರು ಕನ್ನಡಕ ಹಣೆಗೆ ಏರಿಸಿ, ಮೂಗು ಹಾಳೆಗೆ ತಾಗುವಷ್ಟು ಬಗ್ಗಿ, ಎಷ್ಟೋ ಹೊತ್ತು ನೋಡಿದರು. ನಗು ಒಂದೊಂದು ಸಾಲಾಗಿ ನಿಂತಿತು. ಅವರು ನೆಟ್ಟಗಾಗಿ, ಜನರ ಕಡೆ ಅಲ್ಲ, ಅವನ ಮಗಳ ಕಡೆ ತಿರುಗಿದರು.

"ಮೊದ್ಲು ತಿರುವೇ ಬರ್ದವ್ರೆ ಕಣಮ್ಮ. ಆಮೇಲೆ ಬಣ್ಣ ಹಾಕಿ ಮುಚ್ಚವ್ರೆ. ನಿಮ್ಮಪ್ಪಂಗೆ ಗೊತ್ತಿತ್ತು. ಆ ಕಾಗ್ದ ನಾನು ಬರೀಬಾರ್ದಾಗಿತ್ತು."

ಕೈಯಲ್ಲಿದ್ದ ಪತ್ರಿಕೆಯ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಕೂತರು.

ಪುಸ್ತಕ ಮಾಡಿದವರು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡು ಅವಳ ಕಡೆ ತಲೆ ಆಡಿಸಿದರು. ಹೊದಿಕೆಯ ಕಟ್ಟು ಬಿಚ್ಚಿದರು. ಮೇಲೆ ಅವನ ಕೈಬರಹದಲ್ಲೇ ಆ ಸಾಲು ಇತ್ತು.

ನನಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಜನ ಹೊರಡುವಾಗ ನನ್ನನ್ನು ಬಳಸಿಕೊಂಡು ಹೋದರು. ಅವಳು ಹತ್ತಿರ ಬಂದಳು. ಅವಳ ಮುಖದಲ್ಲಿದ್ದಷ್ಟು ಕೆಂಪನ್ನು ನಾನು ಕಾದ ಬೆಸುಗೆಯ ಕಬ್ಬಿಣದಲ್ಲಿ ಮಾತ್ರ ನೋಡಿದ್ದೇನೆ.

"ಕಾಗದ ಬರೆದಿದ್ರೂ ಕ್ಷಮಿಸ್ತಿದ್ದೆ," ಎಂದಳು. "ಇದು ಅದಕ್ಕಿಂತ ಕೆಟ್ಟದ್ದು."

"ಹೌದು ಕಣಮ್ಮ."

"ಕೂತ್ಕೊಳಿ."

"ಎಲ್ಲಿ?"

ಅವಳು ಕುರ್ಚಿ ತೋರಿಸಿದಳು. ನನ್ನ ಚಪ್ಪಲಿಯನ್ನು ತಾನೇ ಎತ್ತಿ ತಂದು ಬಾಗಿಲ ಕಡೆಯ ಪಟ್ಟಿಯ ಮೇಲೆ ಇಟ್ಟಳು. ಬಿಂದಿಗೆಗೆ ನೀರು ತುಂಬಿದಳು. ನಾನು ಕೂತು ಒರಗಿದೆ. ದಾರ ಎಳೆಯಿತು, ಬಿಂದಿಗೆ ಬಗ್ಗಿತು, ಚಕ್ರ ತಿರುಗಿತು. ನನ್ನ ಸವೆದ ಚಪ್ಪಲಿಗಳು ಒಂದರ ಹಿಂದೊಂದು ನನ್ನ ಕಡೆಗೆ ಬರುತ್ತಿದ್ದವು. ಅವಳು ಅವನ್ನೇ ನೋಡುತ್ತಾ ಕೈಕಟ್ಟಿ ನಿಂತಿದ್ದಳು.

"ಭಾನುವಾರ ತಟ್ಟೆ ತಂದ್ಕೊಡಿ," ಎಂದಳು. "ಹತ್ತು ಗಂಟೆ ಮೇಲೆ. ಅದಕ್ಕಿಂತ ಮುಂಚೆ ನಾನು ಚರ್ಚಲ್ಲಿರ್ತೀನಿ."

"ಖಾಲಿ ತಟ್ಟೆ ಕೊಡೋ ಪದ್ಧತಿ ನಮ್ಮಲ್ಲಿಲ್ಲ."

"ಏನಾದ್ರೂ ಹಾಕ್ಕೊಂಡೇ ಬನ್ನಿ. ಮೊದಲು ನೀವು ತಿನ್ನಿ, ಆಮೇಲೆ ನಾನು."

ಚಪ್ಪಲಿ ಕಾಲ ಬುಡಕ್ಕೆ ಬಂದು ನಿಂತಿತು. ಹಾಕಿಕೊಂಡು ಎದ್ದೆ.